ಅಪ್ಪಯ್ಯನಿಗೆ, ಬಿ.ಪಿ. ಯಂತ್ರದ ಜೊತೆಗೆ

ಲೀಡ್ಸ್, ಇಂಗ್ಲೆಂಡ್
15 ನವೆಂಬರ್ 2025

ತೀರ್ಥರೂಪು ಅಪ್ಪಯ್ಯನವರಿಗೆ ಮಗಳು ವಸುಧಾ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ. ನಾವೆಲ್ಲ ಇಲ್ಲಿ ಕ್ಷೇಮ. ಮಕ್ಕಳ ಶಾಲೆ ನಡೆಯುತ್ತಿದೆ, ಚಳಿ ಶುರುವಾಗಿದೆ.

ಅಮ್ಮನ ಪತ್ರ ಮೊನ್ನೆ ಕೈಸೇರಿತು. ಸೊಸೈಟಿಯವರು ಇಟ್ಟಿದ್ದ ಆರೋಗ್ಯ ಶಿಬಿರದಲ್ಲಿ ನಿಮ್ಮ ಬಿ.ಪಿ. 168/102 ಬಂತೆಂದೂ, ಆ ಚೀಟಿಯನ್ನು ನೀವು ಪಂಚಾಂಗದೊಳಗೆ ಮಡಿಚಿಟ್ಟು ಇನ್ನು ಆ ಮಾತು ಎತ್ತಬೇಡಿ ಎಂದು ಹೇಳಿದಿರೆಂದೂ, ರಘು ಸಾಗರದ ಡಾಕ್ಟರಲ್ಲಿಗೆ ಹೊರಡಿಸಿದಾಗಲೆಲ್ಲ ಕೊನೆಕೊಯ್ಲು ಮುಗಿಯಲಿ, ಅಡಿಕೆ ಸುಲಿಯುವವರು ಬಂದು ಹೋಗಲಿ ಎನ್ನುತ್ತಿದ್ದೀರೆಂದೂ ಬರೆದಿದ್ದಾಳೆ. ಬಿ.ಪಿ. ನೋಡುವುದಕ್ಕೆಂದು ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೇ ಬಂದಾಗ ನೀವು ಹಿತ್ತಲ ಬಾಗಿಲಿನಿಂದ ತೋಟಕ್ಕೆ ಇಳಿದುಹೋದದ್ದನ್ನೂ ಬರೆದಿದ್ದಾಳೆ. ಅದನ್ನು ಓದಿದ ಮೇಲೆ ನನಗೆ ಸಮಾಧಾನವಾಗಿ ಕೂರಲು ಆಗಲಿಲ್ಲ. ಫೋನಿನಲ್ಲಿ ಈ ವಿಷಯ ತೆಗೆದರೆ ಸಾಕು, ನೀವು ಫೋನನ್ನು ಅಮ್ಮನ ಕೈಗೆ ದಾಟಿಸಿಬಿಡುತ್ತೀರಿ. ಕಾಗದವನ್ನಾದರೆ ಅರ್ಧಕ್ಕೆ ಬಿಡುವವರಲ್ಲ ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ.

“ಡಾಕ್ಟರನ್ನು ಕಂಡರೇ ನನಗೆ ಏರುತ್ತದೆ, ಮನೆಯಲ್ಲಿ ನಾನು ಸರಿಯಾಗಿಯೇ ಇದ್ದೇನೆ” ಎಂದು ನೀವು ಹೇಳಿದಿರಂತೆ. ಅಮ್ಮನೂ ರಘುವೂ ಅದನ್ನು ನೆಪವೆಂದು ತಿಳಿದಿದ್ದಾರೆ. ನಾನು ಹಾಗೆ ತಿಳಿದಿಲ್ಲ. ಡಾಕ್ಟರ ಎದುರು ಬಿ.ಪಿ. ಏರುವುದು ವೈದ್ಯರೇ ಒಪ್ಪಿರುವ ಸಂಗತಿ. ಆಸ್ಪತ್ರೆಯಲ್ಲಿ ಬಿ.ಪಿ. ಹೆಚ್ಚು ತೋರುವವರ ಪೈಕಿ ನೂರಕ್ಕೆ 15ರಿಂದ 30 ಜನರಿಗೆ ಮನೆಯಲ್ಲಿ ಅದು ಸರಿಯಾಗಿಯೇ ಇರುತ್ತದೆಂದು ಲೆಕ್ಕವಿದೆ. 1983ರಲ್ಲಿ ಪ್ರಕಟವಾದ, ಇಟಲಿಯ ಮಿಲಾನಿನಲ್ಲಿ ನಡೆದ ಒಂದು ಅಧ್ಯಯನದಲ್ಲಿ ರೋಗಿಗಳ ರಕ್ತನಾಳದೊಳಗೇ ಸಣ್ಣ ನಳಿಕೆಯಿಟ್ಟು ಒತ್ತಡವನ್ನು ಎಡೆಬಿಡದೆ ದಾಖಲಿಸುತ್ತಿದ್ದರು. ಡಾಕ್ಟರು ಹಾಸಿಗೆಯ ಬಳಿ ಬಂದು ಬಿ.ಪಿ. ನೋಡತೊಡಗಿದ ಕೆಲವೇ ನಿಮಿಷಗಳಲ್ಲಿ ಮೇಲಿನ ಅಂಕಿ ಸರಾಸರಿ 27ರಷ್ಟು ಏರಿತು, ಹತ್ತು ನಿಮಿಷವಾಗುವ ಹೊತ್ತಿಗೆ ಬಹುಪಾಲು ಇಳಿದಿತ್ತು. ಆದ್ದರಿಂದ ನಿಮ್ಮ ಮಾತಿನಲ್ಲಿ ಸತ್ಯವಿದೆ. ಆದರೆ ಅಪ್ಪಯ್ಯ, ಅಡಿಕೆ ಲೆಕ್ಕದಲ್ಲಿ ಒಂದು ಕಿಲೋ ಹೆಚ್ಚುಕಡಿಮೆಯಾದರೂ ಹಿಡಿಯುವ ನೀವೇ ಕಳೆದು ನೋಡಿ. 168ರಲ್ಲಿ 27 ಹೋದರೂ 141 ಉಳಿಯುತ್ತದೆ, ಮನೆಯಲ್ಲಿ ಅಳೆದಾಗ ಸರಾಸರಿ 135/85ರ ಒಳಗಿರಬೇಕೆಂದು ಇಲ್ಲಿಯವರ ನಿಯಮ. ಆ 27 ಬೇರೆಯವರ ಸರಾಸರಿ. ನಿಮ್ಮದು ಎಷ್ಟೆಂಬುದನ್ನು ಅಳೆದೇ ತಿಳಿಯಬೇಕು.

ಈ ಭಯ ನಮ್ಮ ಮನೆಯವರಿಗೆ ಮಾತ್ರ ಇರುವುದೆಂದು ನೀವು ತಿಳಿಯಬಾರದು. ಈ ದೇಶದ ಡಾಕ್ಟರುಗಳು ಬಿಳಿ ಕೋಟನ್ನೇ ತೊಡುವುದಿಲ್ಲ. ಉದ್ದ ತೋಳಿನ ಬಟ್ಟೆಯಿಂದ ಸೋಂಕು ಹರಡಬಾರದೆಂದು ಸುಮಾರು 2008ರಿಂದ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಮೊಣಕೈಯಿಂದ ಕೆಳಗೆ ಬರಿಗೈ ಇರಬೇಕೆಂಬ ನಿಯಮವಿದೆ, ಕೈಗಡಿಯಾರ ಕೂಡ ಕಟ್ಟುವಂತಿಲ್ಲ. ನಮ್ಮ ಬೀದಿಯ ಡಾಕ್ಟರಂತೂ ಸಾದಾ ಅಂಗಿ ತೊಟ್ಟು, ತಾವೇ ಹೊರಗೆ ಬಂದು ರೋಗಿಯ ಹೆಸರು ಕೂಗಿ ಒಳಗೆ ಕರೆದುಕೊಂಡು ಹೋಗುತ್ತಾರೆ. ಊರಿನಲ್ಲಿ ನಾವು ಡಾಕ್ಟರ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೈಕಟ್ಟಿ ನಿಲ್ಲುವುದನ್ನು ಕಂಡು ಬೆಳೆದ ನನಗೆ ಇದು ಬಹಳ ಹಿಡಿಸಿತು. ಆದರೂ ಕೋಟಿಲ್ಲದ ಆ ಡಾಕ್ಟರ ಎದುರು ಇಲ್ಲಿಯ ಜನರ ಬಿ.ಪಿ. ಏರುವುದು ಏರುತ್ತಲೇ ಇದೆ. ಇನ್ನೊಂದು ಕ್ರಮ ಕೇಳಿದರೆ ಶಾರದತ್ತೆ ಮೂಗಿನ ಮೇಲೆ ಬೆರಳಿಟ್ಟುಕೊಂಡಾಳು. ಕರುಳಿನ ಕ್ಯಾನ್ಸರಿನ ಪರೀಕ್ಷೆಗಾಗಿ 50ರಿಂದ 74 ವರ್ಷದವರ ಮನೆಗೆ ಎರಡು ವರ್ಷಕ್ಕೊಮ್ಮೆ ಸರಕಾರದಿಂದ ಒಂದು ಚಿಕ್ಕ ಕೊಳವೆ ಅಂಚೆಯಲ್ಲಿ ಬರುತ್ತದೆ, ಅದರೊಳಗೆ ಕಡ್ಡಿಯ ತುದಿಯಷ್ಟು ಮಲವನ್ನು ಹಾಕಿ ಅಂಚೆಯಲ್ಲೇ ಹಿಂದಕ್ಕೆ ಕಳಿಸಬೇಕು. ಸಂಕೋಚಕ್ಕೋ ಭಯಕ್ಕೋ ಆಸ್ಪತ್ರೆಯ ಮೆಟ್ಟಿಲು ಹತ್ತದವರಿಗೆ ಇದು ದೊಡ್ಡ ಅನುಕೂಲ. ನನಗೆ ಇದರಲ್ಲಿ ನಗುವಂಥದ್ದೇನೂ ಕಾಣುವುದಿಲ್ಲ, ಮನುಷ್ಯನ ಹೆದರಿಕೆಯನ್ನು ಅರಿತವರು ಮಾಡಿದ ಏರ್ಪಾಡು ಎಂದು ಗೌರವವೇ ಇದೆ.

ನನ್ನ ವಿಷಯವನ್ನೂ ಬರೆಯುತ್ತೇನೆ. ಹೋದ ವರ್ಷ ಇಲ್ಲಿಯ ನರ್ಸ್ ನೋಡಿದಾಗ ನನಗೂ 152/96 ಬಂದಿತ್ತು. ಅವರು ಗಾಬರಿಪಡಲಿಲ್ಲ, ಮಾತ್ರೆಯನ್ನೂ ಬರೆಯಿಸಲಿಲ್ಲ. ತೋಳಿಗೆ ಒಂದು ಪಟ್ಟಿ ಕಟ್ಟಿ, ಅದರ ಕೊಳವೆಯನ್ನು ಸೊಂಟಕ್ಕೆ ಸಿಕ್ಕಿಸಿದ ಪುಟ್ಟ ಯಂತ್ರಕ್ಕೆ ಜೋಡಿಸಿ, ಒಂದು ಹಗಲು ಒಂದು ರಾತ್ರಿ ಹಾಗೇ ಇರಲು ಹೇಳಿ ಕಳಿಸಿದರು. ಹಗಲಿನಲ್ಲಿ ಅರ್ಧ ಗಂಟೆಗೊಮ್ಮೆ ಅದು ಗುಂಯ್ ಎಂದು ಗಾಳಿ ತುಂಬಿಕೊಂಡು ತೋಳನ್ನು ಹಿಂಡುತ್ತಿತ್ತು, ಆಗ ಎಲ್ಲಿದ್ದರೂ ಕೈಯನ್ನು ಅಲುಗಾಡಿಸದೆ ನಿಲ್ಲಬೇಕು. ಬಸ್ಸಿನಲ್ಲಿ ನಿಂತಿದ್ದಾಗ ಅದು ಶುರುವಾಗಿ ಪಕ್ಕದಲ್ಲಿದ್ದ ಹಿರಿಯ ಹೆಂಗಸು ನನ್ನ ಕೈಚೀಲ ಹಿಡಿದುಕೊಂಡು, ತನಗೂ ಇದನ್ನು ಕಟ್ಟಿದ್ದರೆಂದು ಹೇಳಿದಳು. ಮೊದಮೊದಲು ಪಟ್ಟಿ ಬಿಗಿಯಾದಾಗಲೆಲ್ಲ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಸಂಜೆಯ ಹೊತ್ತಿಗೆ ಅಡುಗೆ ಮಾಡುತ್ತ ಅದರ ಕಡೆ ಗಮನವೇ ಹೋಗಲಿಲ್ಲ. ಕೊನೆಗೆ ಹಗಲಿನ ಸರಾಸರಿ 124/78 ಎಂದು ಬಂತು. ನನಗಿದ್ದದ್ದು ಬರೀ ಡಾಕ್ಟರ ಭಯದ ಏರಿಕೆಯೆಂದು ತೀರ್ಮಾನವಾಗಿ, ವರ್ಷಕ್ಕೊಮ್ಮೆ ನೋಡಿಸಿಕೊಂಡರೆ ಸಾಕೆಂದರು. ಅಂದರೆ ಭಯ ಹೋದ ಮೇಲೆ ಅಳೆಸಿಕೊಳ್ಳೋಣ ಎಂದು ಕಾಯುತ್ತ ಕೂರಬೇಕಾಗಿಲ್ಲ. ಅಳೆಯುತ್ತ ಹೋದ ಹಾಗೆ ಭಯ ತಾನೇ ಇಳಿಯುತ್ತದೆ.

ಅದಕ್ಕಾಗಿಯೇ ಈ ಕಾಗದದ ಜೊತೆ ಒಂದು ಬಿ.ಪಿ. ಯಂತ್ರವನ್ನು ಕಳಿಸುತ್ತಿದ್ದೇನೆ. ಇದು ಮೇಲ್ತೋಳಿಗೆ ಕಟ್ಟುವಂಥದ್ದು, ಮಣಿಕಟ್ಟಿನ ಯಂತ್ರಗಳನ್ನು ಅಷ್ಟು ನಂಬುವಂತಿಲ್ಲ. ಬೆಳಿಗ್ಗೆ ಮತ್ತು ಸಂಜೆ, ಜಗಲಿಯಲ್ಲಿ ಬೆನ್ನಿಗೆ ಆಸರೆಯಿರುವ ಕುರ್ಚಿಯ ಮೇಲೆ ಐದು ನಿಮಿಷ ಸುಮ್ಮನೆ ಕುಳಿತು, ಪಾದಗಳನ್ನು ನೆಲಕ್ಕೆ ಊರಿ, ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು ಅಳೆಯಬೇಕು. ಅದಕ್ಕೆ ಅರ್ಧ ಗಂಟೆ ಮೊದಲು ಕಾಫಿ ಕುಡಿಯಬಾರದು, ಎಲೆಯಡಿಕೆಯ ಕವಳ ಹಾಕಬಾರದು, ಮುಖ್ಯವಾಗಿ ಕವಳದ ಹೊಗೆಸೊಪ್ಪು ಬೇಡ. ಪಟ್ಟಿಯನ್ನು ಬರಿಯ ತೋಳಿಗೆ ಕಟ್ಟಬೇಕು. ಅಳೆಯುವಾಗ ಮಾತಾಡಬಾರದು, ಅಮ್ಮನೂ ಪಕ್ಕದಲ್ಲಿ ನಿಂತು “ಎಷ್ಟು ಬಂತು?” ಎಂದು ಕೇಳಬಾರದು. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆದು, ಎರಡೂ ಅಂಕಿಗಳನ್ನು ನಿಮ್ಮ ಲೆಕ್ಕದ ಪುಸ್ತಕದಲ್ಲಿ ದಿನಾಂಕ ಹಾಕಿ ಬರೆಯಿರಿ. ಹೀಗೆ ಏಳು ದಿನ ಮಾಡಿ. ಮೊದಲ ದಿನದ ಅಂಕಿಗಳನ್ನು ಪೂರ್ತಿ ಬಿಟ್ಟು ಉಳಿದವುಗಳ ಸರಾಸರಿ ತೆಗೆಯಬೇಕು, ಏಕೆಂದರೆ ಮೊದಲ ದಿನ ಯಂತ್ರದ ಭಯವೂ ಅದರಲ್ಲಿ ಸೇರಿರುತ್ತದೆಂದು ಇಲ್ಲಿಯ ಡಾಕ್ಟರುಗಳಿಗೆ ಗೊತ್ತು. ಒಂದು ಸಲ ಹೆಚ್ಚು ಬಂತೆಂದು ಮತ್ತೆ ಮತ್ತೆ ಅಳೆಯುತ್ತ ಕೂರಬೇಡಿ. ಆದರೆ 180/120 ದಾಟಿ, ಸ್ವಲ್ಪ ಹೊತ್ತು ಕುಳಿತು ನೋಡಿದರೂ ಹಾಗೆಯೇ ಬಂದರೆ ಅಂದೇ ಡಾಕ್ಟರಲ್ಲಿಗೆ ಹೋಗಬೇಕು. ಎದೆನೋವು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಕೈ ಸೋಲುವುದು ಕಂಡರೆ ಅಂಕಿಯನ್ನೇ ನೋಡದೆ 108ಕ್ಕೆ ಫೋನು ಮಾಡಬೇಕು. ಇದನ್ನು ಹೆದರಿಸಲು ಬರೆದದ್ದಲ್ಲ, ರಘುವಿಗೆ ತಿಳಿದಿರಲಿ ಎಂದು ಬರೆದೆ.

ದೊಡ್ಡಪ್ಪನ ನೆನಪು ನಿಮ್ಮನ್ನು ಹಿಡಿದು ನಿಲ್ಲಿಸುತ್ತಿದೆ ಎಂದು ನನಗೆ ಗೊತ್ತು. ನಡೆದುಕೊಂಡೇ ಆಸ್ಪತ್ರೆಗೆ ಹೋದವನು ಹಿಂದಿರುಗಿ ಬರಲಿಲ್ಲ ಎಂದು ನೀವು ಒಬ್ಬರೇ ಕುಳಿತಾಗ ಹೇಳಿಕೊಳ್ಳುವುದನ್ನು ನಾನು ಕೇಳಿದ್ದೇನೆ. ಆದರೆ ದೊಡ್ಡಪ್ಪ ವರ್ಷಗಟ್ಟಲೆ ತಲೆಭಾರವನ್ನು ಪಿತ್ತವೆಂದುಕೊಂಡು ಕಷಾಯ ಕುಡಿದವರು. ಆಸ್ಪತ್ರೆಗೆ ಸೇರಿಸಿದ್ದು ಮೆದುಳಿನಲ್ಲಿ ರಕ್ತಸ್ರಾವವಾದ ಮೇಲೆ. ಅವರ ಬಿ.ಪಿ.ಯನ್ನು ಯಾರೂ ಅಲ್ಲಿಯವರೆಗೆ ಅಳೆದೇ ಇರಲಿಲ್ಲ. ಈ ಕಾಯಿಲೆಯ ಕೆಟ್ಟ ಗುಣವೇ ಅದು. ಹೆಚ್ಚಿನವರಿಗೆ ನೋವೂ ಇರುವುದಿಲ್ಲ, ತಲೆಸುತ್ತೂ ಇರುವುದಿಲ್ಲ, ತೋಟ ಇಳಿದು ಹತ್ತುವ ಶಕ್ತಿಯೂ ಕುಗ್ಗುವುದಿಲ್ಲ. ಒಳಗೆ ಮಾತ್ರ ಮೆದುಳು, ಹೃದಯ, ಮೂತ್ರಪಿಂಡಗಳ ರಕ್ತನಾಳ ಸವೆಯುತ್ತಿರುತ್ತದೆ. “ನನಗೇನೂ ಆಗಿಲ್ಲ” ಎಂದು ನೀವು ಹೇಳುವಾಗ ನಿಮ್ಮ ಮೈ ನಿಮಗೆ ಹೇಳುತ್ತಿರುವುದು ಅಷ್ಟೇ, ಅದಕ್ಕಿಂತ ಹೆಚ್ಚು ಹೇಳಲು ಅದಕ್ಕೆ ಬರುವುದಿಲ್ಲ.

ಮಾತ್ರೆ ಒಮ್ಮೆ ಶುರುಮಾಡಿದರೆ ಜೀವಮಾನವಿಡೀ ಬಿಡುವಂತಿಲ್ಲ ಎಂಬ ಚಿಂತೆಯೂ ನಿಮಗಿರಬಹುದು. ಮಾತ್ರೆ ಬೇಕೋ ಬೇಡವೋ ಎಂಬುದೇ ಇನ್ನೂ ತೀರ್ಮಾನವಾಗಿಲ್ಲ. ಬೇಕಾದರೂ ದಿನಕ್ಕೊಂದು ಚಿಕ್ಕ ಮಾತ್ರೆಯಲ್ಲಿ ಹಿಡಿತಕ್ಕೆ ಬಂದವರು ನಮ್ಮ ಕೇರಿಯಲ್ಲೇ ಇದ್ದಾರೆ, ಗಣಪಣ್ಣನನ್ನು ಕೇಳಿ. ಉಪ್ಪನ್ನು ಮಾತ್ರ ಕಡಿಮೆ ಮಾಡಬೇಕಾದೀತು. ದಿನಕ್ಕೆ ಐದು ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಯನ್ನು ಅಟ್ಟಕ್ಕೆ ಏರಿಸಿ ಎಂದು ನಾನು ಹೇಳುವುದಿಲ್ಲ, ಎರಡು ಹೊತ್ತೂ ಬೇಡ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ಏಳು ದಿನವಾದ ಮೇಲೆ ಆ ಪುಸ್ತಕ ಹಿಡಿದುಕೊಂಡು ಡಾಕ್ಟರಲ್ಲಿಗೆ ಹೋಗಿ. ಅಂಕಿ ಸರಿಯಿದ್ದರೂ ಹೋಗಿ. ಬೆಳಗಿನ ಮೊದಲ ಟೋಕನ್ನನ್ನೇ ರಘು ತೆಗೆಸಲಿ, ಏಕೆಂದರೆ ಭಯ ಬೆಳೆಯುವುದು ಬೆಂಚಿನ ಮೇಲೆ ಕಾಯುವಾಗ. ಕಾಯುವಾಗ ಉಸಿರನ್ನು ಮೆಲ್ಲನೆ ಎಳೆದು, ಎಳೆದದ್ದಕ್ಕಿಂತ ಹೆಚ್ಚು ಹೊತ್ತು ಬಿಡಿ. ಸಂಧ್ಯಾವಂದನೆಯಲ್ಲಿ ಪ್ರಾಣಾಯಾಮ ಮಾಡುವ ನಿಮಗೆ ಇದನ್ನು ನಾನು ಕಲಿಸಬೇಕಾಗಿಲ್ಲ. ಒಳಗೆ ಹೋದೊಡನೆ “ನನಗೆ ಡಾಕ್ಟರೆಂದರೆ ಹೆದರಿಕೆ, ಸ್ವಲ್ಪ ಹೊತ್ತು ಕುಳಿತ ಮೇಲೆ ನೋಡಿ” ಎಂದು ಬಾಯಿಬಿಟ್ಟು ಹೇಳಿಬಿಡಿ. ಇದರಲ್ಲಿ ಮರ್ಯಾದೆಗೆ ಕುಂದೇನೂ ಇಲ್ಲ, ಹೇಳಿದರೆ ಡಾಕ್ಟರಿಗೂ ಅಂಕಿಯನ್ನು ಸರಿಯಾಗಿ ಅರ್ಥಮಾಡಿಕೊಳ್ಳಲು ಸಹಾಯವಾಗುತ್ತದೆ. ಕೇಳಬೇಕಾದ್ದನ್ನು ಹಿಂದಿನ ರಾತ್ರಿಯೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಅಲ್ಲಿ ಕುಳಿತಾಗ ಎಲ್ಲರಿಗೂ ಮರೆಯುತ್ತದೆ.

ರಕ್ತ ಕೊಡುವ ಪರೀಕ್ಷೆಯನ್ನೂ ಹೇಳಬಹುದು. ನಮ್ಮ ಮನೆತನದಲ್ಲಿ ಸೂಜಿ ಕಂಡರೆ ಕಣ್ಣು ಕತ್ತಲಿಡುವುದು ನಿಮಗೂ ಇದೆ, ರಘುವಿಗೂ ಬಂದಿದೆ. ಉಳಿದ ಭಯಗಳಲ್ಲಿ ಏರುವ ಬಿ.ಪಿ. ಸೂಜಿಯ ಭಯದಲ್ಲಿ ಮೊದಲು ಏರಿ ಆಮೇಲೆ ಸರ್ರನೆ ಇಳಿಯುವುದರಿಂದ ಹಾಗಾಗುತ್ತದೆ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್ ಯೋರಾನ್ ಓಸ್ಟ್ ಎಂಬುವರು ಇದಕ್ಕೊಂದು ಉಪಾಯವನ್ನು ರೂಪಿಸಿದ್ದಾರೆ. ಕೈಕಾಲು, ಹೊಟ್ಟೆಯ ಸ್ನಾಯುಗಳನ್ನು ಹತ್ತು ಹದಿನೈದು ಸೆಕೆಂಡು, ಮುಖ ಬೆಚ್ಚಗಾಗುವವರೆಗೆ ಬಿಗಿಹಿಡಿದು, ಅರ್ಧ ನಿಮಿಷ ಸಡಿಲಿಸಿ, ಮತ್ತೆ ಬಿಗಿಹಿಡಿಯುವುದು. ರಘು ಇದನ್ನು ಮನೆಯಲ್ಲಿ ರೂಢಿಮಾಡಿಕೊಳ್ಳಲಿ. ನೀವು ಮಾತ್ರ ಮಾಡಬೇಡಿ, ಇದು ಬಿ.ಪಿ.ಯನ್ನು ಏರಿಸುವ ಉಪಾಯ. ನೀವು ಮಲಗಿಕೊಂಡೇ ರಕ್ತ ಕೊಡುತ್ತೇನೆಂದು ಹೇಳಿ, ಮುಖ ಆ ಕಡೆ ತಿರುಗಿಸಿಕೊಳ್ಳಿ, ಆದ ಮೇಲೆ ಸ್ವಲ್ಪ ಹೊತ್ತು ಏಳಬೇಡಿ.

ಅಮ್ಮನಿಗೆ ರಾತ್ರಿ ನಿದ್ದೆಯಿಲ್ಲವಂತೆ. ಚಿಂತೆ ಮಿತಿಮೀರಿದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಿ ಬೇಕಾದರೂ ಫೋನು ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಆದರೆ ನೀವು ಡಾಕ್ಟರಲ್ಲಿಗೆ ಹೋಗಿ ಬಂದ ದಿನವೇ ಅವಳಿಗೆ ನಿದ್ದೆ ಬರುತ್ತದೆ ಎಂದು ನನ್ನ ನಂಬಿಕೆ.

ಖರ್ಚಿನ ಮಾತು ಬೇಡ, ರಘುವಿನ ಖಾತೆಗೆ ಹಣ ಹಾಕಿದ್ದೇನೆ. ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ ಅಪ್ಪಯ್ಯ, ಖಂಡಿತ ಏನೂ ಇಲ್ಲ. ಬೇಗ ಗೊತ್ತಾದರೆ ಎಲ್ಲಕ್ಕೂ ದಾರಿಯಿದೆ, ನಿಮಗೆ ಏನೂ ಆಗುವುದಿಲ್ಲ. ಇದನ್ನು ಬೆಂಗಳೂರಿಗೆ ಹೊರಟಿರುವ ಗೆಳತಿಯ ಕೈಯಲ್ಲಿ ಕಳಿಸುತ್ತಿದ್ದೇನೆ, ಅವಳ ಟ್ಯಾಕ್ಸಿ ಬಂದು ನಿಂತಿದೆ. ಅಮ್ಮನಿಗೆ, ಶಾರದತ್ತೆಗೆ ನಮಸ್ಕಾರ, ರಘುವಿಗೆ ಆಶೀರ್ವಾದ. ಇವರೂ ಮಕ್ಕಳೂ ನಮಸ್ಕಾರ ತಿಳಿಸಿದ್ದಾರೆ.

ಇಂತಿ ನಿಮ್ಮ ಮಗಳು,
ವಸುಧಾ

ತಾ.ಕ.: ಯಂತ್ರಕ್ಕೆ ನಾಲ್ಕು ಸೆಲ್ಲು ಬೇಕು, ಪೆಟ್ಟಿಗೆಯಲ್ಲೇ ಇಟ್ಟಿದ್ದೇನೆ. ಮೊದಲ ಸಲ ಎರಡೂ ತೋಳಿನಲ್ಲಿ ಅಳೆದು, ಯಾವುದರಲ್ಲಿ ಹೆಚ್ಚು ಬರುತ್ತದೋ ಆಮೇಲೆ ಅದೇ ತೋಳನ್ನು ಹಿಡಿಯಿರಿ. ಏಳನೆಯ ದಿನ ಅಂಕಿಗಳನ್ನು ಫೋನಿನಲ್ಲಿ ನೀವೇ ಓದಿ ಹೇಳಬೇಕು, ಅಮ್ಮನ ಕೈಗೆ ಕೊಡಬೇಡಿ.