ಕಿರುತೆರೆ ಪ್ರಶಸ್ತಿ: ಮತಗಳ ಲೆಕ್ಕ ಬಹಿರಂಗವಾಗಲಿ

ಮಾನ್ಯರೇ,

ವೀಕ್ಷಕರ ಮತದಿಂದಲೇ ಧಾರಾವಾಹಿ ಪ್ರಶಸ್ತಿಗಳನ್ನು ನಿರ್ಧರಿಸುತ್ತೇವೆ ಎನ್ನುವ ಮನರಂಜನಾ ವಾಹಿನಿಗಳು, ಯಾರಿಗೆ ಎಷ್ಟು ಮತ ಬಂದವೆಂಬುದನ್ನೂ ಪ್ರಕಟಿಸಬೇಕು. ಪ್ರಶಸ್ತಿಯ ಕಾಲ ಬಂತೆಂದರೆ ಈ ಬಾರಿ ಉತ್ತಮ ನಟಿ ಯಾರು, ಮೆಚ್ಚಿನ ಜೋಡಿ ಯಾವುದು ಎಂಬ ಚರ್ಚೆ ನಮ್ಮ ತೀರ್ಥಹಳ್ಳಿಯ ಮನೆಮನೆಗಳಲ್ಲೂ ಬಸ್ಸುಗಳಲ್ಲೂ ಬಿಸಿಯೇರುತ್ತದೆ. ಇದು ವೀಕ್ಷಕರ ನಿಜವಾದ ಪ್ರೀತಿ. ಅದನ್ನು ಹಗುರವಾಗಿ ಕಾಣಬಾರದು. ಆದರೆ ಮತ ಚಲಾಯಿಸಬೇಕಾದದ್ದು ಮೊಬೈಲ್ ಆ್ಯಪ್‌ನಲ್ಲಿ. ಆಗುಂಬೆ, ಹೊಸನಗರದ ಕಡೆಯ ಅನೇಕ ಹಳ್ಳಿಗಳಲ್ಲಿ ನೆಟ್‌ವರ್ಕ್ ಸಿಗುವುದೇ ದುರ್ಲಭ, ಮಳೆಗಾಲದಲ್ಲಂತೂ ವಿದ್ಯುತ್ತೂ ಇರುವುದಿಲ್ಲ. ಹೀಗಿರುವಾಗ ದಿನವೂ ತಪ್ಪದೆ ಧಾರಾವಾಹಿ ನೋಡುವ ಹಿರಿಯರ ಅಭಿಪ್ರಾಯ ಎಣಿಕೆಗೇ ಬರುವುದಿಲ್ಲ. ಇನ್ನು ಸಂಭಾಷಣೆ, ಛಾಯಾಗ್ರಹಣ, ಸಂಕಲನಗಳ ಗುಣವನ್ನು ಜನಪ್ರಿಯತೆಯಿಂದ ಅಳೆಯಲಾಗದು. ಅಮೆರಿಕದಲ್ಲಿ 1949ರಿಂದ ನಡೆಯುತ್ತಿರುವ ಎಮ್ಮಿ ಪ್ರಶಸ್ತಿಗೆ ಟೆಲಿವಿಷನ್ ಅಕಾಡೆಮಿಯ ಸದಸ್ಯರಾದ ವೃತ್ತಿನಿರತರೇ ಮತ ಹಾಕುತ್ತಾರೆ. ನಮ್ಮ ವಾಹಿನಿಗಳೂ ತಾಂತ್ರಿಕ ವಿಭಾಗಗಳನ್ನು ಅನುಭವಿಗಳ ತೀರ್ಪುಗಾರ ಮಂಡಳಿಗೆ ಒಪ್ಪಿಸಿ, ಜನಪ್ರಿಯ ವಿಭಾಗಗಳಿಗೆ ಅಂಚೆ ಕಾರ್ಡಿನ ಮೂಲಕವೂ ಮತ ಸ್ವೀಕರಿಸಿ, ಸಮಾರಂಭದ ಮರುದಿನವೇ ಮತಗಳ ಪೂರ್ಣ ವಿವರವನ್ನು ಪ್ರಕಟಿಸಲಿ.

– ಓರ್ವ ವೀಕ್ಷಕಿ, ತೀರ್ಥಹಳ್ಳಿ