ಆ ಎರಡು ಕಿಲೋ ಬಗ್ಗೆ

ಪುಟ್ಟಿ,

ನಿನ್ನೆ ಫೋನಿನಲ್ಲಿ ಎರಡು ಸಂಗತಿ ಹೇಳಿದೆ. ಹತ್ತು ದಿನಕ್ಕೆ ಎರಡು ಕಿಲೋ ಇಳಿದಿದ್ದೀನಿ ಅನ್ನೋದು ಮೊದಲನೆಯದು. ಅದನ್ನು ಕುಣಿಯುತ್ತಾ ಹೇಳಿದೆ. ಎರಡನೆಯದನ್ನು ಫೋನ್ ಇಡುವ ಹೊತ್ತಿಗೆ ಸುಮ್ನೆ ತೂರಿಸಿದೆ: "ಮೂರು ತಿಂಗಳಿಂದ ಮುಟ್ಟಾಗಿಲ್ಲ. ಒಳ್ಳೇದೇ ಆಯ್ತು ಬಿಡಮ್ಮ, ಓಟದ ಪ್ರಾಕ್ಟೀಸಿಗೆ ಅಡ್ಡಿ ಇಲ್ಲ." ನಾನು ಆಗ 'ಹೂಂ' ಅಂದೆ. ರಾತ್ರಿ ನಿದ್ದೆ ಹತ್ತಲಿಲ್ಲ. ಫೋನಿನಲ್ಲಿ ಹೇಳಿದರೆ ನಡುವೆ ಬಾಯಿ ಹಾಕ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಆ ಎರಡು ಕಿಲೋ. ಅನ್ನ, ಬ್ರೆಡ್, ಆಲೂಗಡ್ಡೆ ಎಲ್ಲ ಬಿಟ್ಟೆ ಅಂದೆಯಲ್ಲ, ಈ ಇಳಿಕೆಯ ದೊಡ್ಡ ಪಾಲು ಬಂದದ್ದು ಅಲ್ಲಿಂದ. ನಾವು ತಿಂದ ಕಾರ್ಬೋಹೈಡ್ರೇಟನ್ನು ಮೈ ಗ್ಲೈಕೋಜೆನ್ ಮಾಡಿ ಕೂಡಿಡುತ್ತದೆ. ಸ್ನಾಯುಗಳಲ್ಲಿ ಸುಮಾರು 400 ಗ್ರಾಂ, ಲಿವರಿನಲ್ಲಿ ಸುಮಾರು 100 ಗ್ರಾಂ. ಒಂದೊಂದು ಗ್ರಾಮಿನ ಜೊತೆ ಹೆಚ್ಚುಕಮ್ಮಿ ಮೂರು ಗ್ರಾಂ ನೀರು ಕೂತಿರುತ್ತದೆ. 300 ಗ್ರಾಂ ಗ್ಲೈಕೋಜೆನ್ ಖಾಲಿಯಾದರೆ 900 ಗ್ರಾಂ ನೀರೂ ಹೋಯಿತು. ತೂಕದ ಮೆಷಿನ್ನಿಗೆ ಕೊಬ್ಬು ಯಾವುದು ನೀರು ಯಾವುದು ಗೊತ್ತಾಗುವುದಿಲ್ಲ. ದೂರದ ಪ್ರಯಾಣಕ್ಕೆ ಹೊರಟವರು ಬುತ್ತಿ ಮನೆಯಲ್ಲೇ ಬಿಟ್ಟು, ಚೀಲ ಹಗುರಾಯ್ತು ಅಂದ ಹಾಗಾಯಿತು ಇದು.

ಇದರ ಬಗ್ಗೆ ನನಗೆ ತುಂಬಾ ಇಷ್ಟವಾದ ಒಂದು ಪ್ರಯೋಗ ಇದೆ. 1966ರಲ್ಲಿ ಸ್ವೀಡನ್ನಿನ ಬರ್ಗ್‌ಸ್ಟ್ರಾಮ್ ಮತ್ತು ಹಲ್ಟ್‌ಮನ್ ಎಂಬ ಇಬ್ಬರು ವೈದ್ಯರು ತಮ್ಮ ಮೈಮೇಲೇ ಮಾಡಿಕೊಂಡದ್ದು. ಒಂದೇ ಸೈಕಲ್ಲಿನ ಆಚೆ ಈಚೆ ಕೂತು ಇಬ್ಬರೂ ಒಂದೊಂದೇ ಕಾಲಲ್ಲಿ ಪೆಡಲ್ ತುಳಿದರು, ಆ ಕಾಲು ಸೋತುಹೋಗುವ ತನಕ. ಇನ್ನೊಂದು ಕಾಲಿಗೆ ಪೂರ್ತಿ ರಜೆ. ಆಮೇಲೆ ಮೂರು ದಿನ ಕಾರ್ಬೋಹೈಡ್ರೇಟ್ ಜಾಸ್ತಿ ಇರುವ ಊಟ ಮಾಡಿದರು, ಎರಡೂ ತೊಡೆಗೆ ಸೂಜಿ ಹಾಕಿ ಚೂರು ಸ್ನಾಯು ತೆಗೆದು ನೋಡಿದರು. ದುಡಿದ ಕಾಲಿನಲ್ಲಿ ಗ್ಲೈಕೋಜೆನ್ ಸುಮ್ಮನಿದ್ದ ಕಾಲಿನ ಸುಮಾರು ಎರಡರಷ್ಟು ತುಂಬಿಕೊಂಡಿತ್ತು! ಊಟ ಒಂದೇ, ರಕ್ತ ಒಂದೇ. ಆದರೂ ದುಡಿದ ಕಾಲು ತನ್ನ ಪಾಲಿಗಿಂತ ಹೆಚ್ಚು ಎಳೆದುಕೊಂಡಿತು. ನೀನು ಓಡಿ ಬಂದಾಗ ನಿನ್ನ ಕಾಲೂ ಹಾಗೇ ಬಾಯಿ ತೆರೆದು ಕೂತಿರುತ್ತದೆ ಕಣೇ. ನೀನು ಅದಕ್ಕೆ ಸೌತೆಕಾಯಿ ಕೊಡುತ್ತಿದ್ದೀಯ.

5000 ಮೀಟರಿನ ಒಂದು ರೇಸಿಗೆ ಇಡೀ ದಾಸ್ತಾನು ಬೇಕಾಗುವುದಿಲ್ಲ, ಒಪ್ಪಿದೆ. ಆದರೆ ನೀನು ಎರಡು ಹೊತ್ತೂ ಓಡುವವಳು. ಬೆಳಿಗ್ಗೆ ಖರ್ಚಾದದ್ದು ಸಂಜೆಗೆ ಒಂದಷ್ಟಾದರೂ ತುಂಬಿರಬೇಕು. ದಿನಕ್ಕೆ ಒಂದರಿಂದ ಮೂರು ಗಂಟೆ ಜೋರಾಗಿ ಅಭ್ಯಾಸ ಮಾಡುವವರಿಗೆ ಮೈತೂಕದ ಕಿಲೋಗೆ 6ರಿಂದ 10 ಗ್ರಾಂ ಕಾರ್ಬೋಹೈಡ್ರೇಟ್ ಅನ್ನುವುದು ಲೆಕ್ಕ. 50 ಕಿಲೋದ ನಿನಗೆ ಕಮ್ಮಿ ಅಂದರೂ 300 ಗ್ರಾಂ. 'ಕೊನೇ ಲ್ಯಾಪಿನಲ್ಲಿ ಕಾಲು ಮರದ ಕೊರಡಾಗುತ್ತೆ' ಅಂತೀಯಲ್ಲ, ಕೋಚ್ ಅದಕ್ಕೆ ಇನ್ನೂ ನಾಲ್ಕು ಲ್ಯಾಪ್ ಓಡು ಅನ್ನುತ್ತಾರೆ. ನಾನು ತಟ್ಟೆ ತೋರಿಸು ಅನ್ನುತ್ತೇನೆ.

ಇನ್ನು ಎರಡನೆಯ ಸಂಗತಿ.

ಓದು ಮುಂದುವರಿಸಲು ಓಟ ಬಿಟ್ಟೆ ಅಂತ ನಿನಗೆ ಹೇಳುತ್ತಾ ಬಂದಿದ್ದೇನೆ. ಅದು ಅರ್ಧ ಸತ್ಯ. ನಿನ್ನ ವಯಸ್ಸಿನಲ್ಲಿ ನನಗೂ ಆರು ತಿಂಗಳು ಮುಟ್ಟು ನಿಂತಿತ್ತು. ಆಗಿನ ನನ್ನ ಕೋಚ್, 'ಈಗ ನೀನು ನಿಜವಾದ ಓಟಗಾರ್ತಿ' ಅಂದಿದ್ದರು. ನಾನು ಹಿಗ್ಗಿದ್ದೆ. ಆಮೇಲೆ ಮೊಣಕಾಲ ಕೆಳಗೆ, ಮುಂಭಾಗದ ಎಲುಬಿನಲ್ಲಿ ಒಂದು ನೋವು ಶುರುವಾಯಿತು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ, ಓಡುತ್ತಲೇ ಇದ್ದೆ. ಇಂಥ ಕೂದಲೆಳೆ ಬಿರುಕು ಮೊದಮೊದಲು ಎಕ್ಸ್‌ರೇಗೆ ಸಿಗದೇ ಹೋಗುವುದೇ ಜಾಸ್ತಿ. ಎರಡನೇ ಸಲ ತೆಗೆಸಿದಾಗ ಬಿರುಕು ಎದ್ದು ಕಾಣುತ್ತಿತ್ತು. ಆ ಇಡೀ ಸೀಸನ್ ಹೋಯಿತು, ಮುಂದಿನದ್ದಕ್ಕೆ ನನಗೆ ಧೈರ್ಯ ಉಳಿಯಲಿಲ್ಲ.

ಆಗ ನನಗೆ ಯಾರೂ ಹೇಳದೇ ಇದ್ದದ್ದು ಇದು. ಮುಟ್ಟು ನಿಲ್ಲುವುದು ಓಡಿದ್ದಕ್ಕಲ್ಲ, ಓಡಿದಷ್ಟು ತಿನ್ನದೇ ಇದ್ದದ್ದಕ್ಕೆ. ಆನ್ ಲೌಕ್ಸ್ ಅನ್ನುವ ಅಮೆರಿಕದ ವಿಜ್ಞಾನಿ ಇದನ್ನು ಬಿಡಿಸಿ ತೋರಿಸಿದರು. ವ್ಯಾಯಾಮ ಮಾಡಿಸಿ, ಅದಕ್ಕೆ ತಕ್ಕಷ್ಟು ಊಟ ಕೊಟ್ಟರೆ ಮುಟ್ಟನ್ನು ನಡೆಸುವ ಹಾರ್ಮೋನಿನ ಲಯ ಹೆಚ್ಚು ಕೆಡಲಿಲ್ಲ. ಊಟ ಕಡಿತವಾದರೆ ಐದೇ ದಿನಕ್ಕೆ ಕೆಟ್ಟಿತು.

ಅವರ ಲೆಕ್ಕ ಹೀಗೆ. ಕೊಬ್ಬನ್ನು ಬಿಟ್ಟು ಉಳಿದ ಮೈತೂಕದ ಕಿಲೋಗೆ, ಓಟದ ಖರ್ಚು ಕಳೆದ ಮೇಲೂ, ದಿನಕ್ಕೆ 45 ಕ್ಯಾಲೊರಿಯಷ್ಟು ಉಳಿದರೆ ಮೈ ನೆಮ್ಮದಿಯಾಗಿರುತ್ತದೆ. 30ಕ್ಕಿಂತ ಕೆಳಗಿಳಿದರೆ ಹಾರ್ಮೋನು ಏರುಪೇರಾಗುತ್ತದೆ. ಆ ಗೆರೆ ಎಲ್ಲರಿಗೂ ಒಂದೇ ಅಲ್ಲ, ಆದರೂ ನಿನ್ನ ಲೆಕ್ಕ ಹಾಕಿದೆ. ಕೊಬ್ಬು ಬಿಟ್ಟರೆ ನಿನ್ನದು ಸುಮಾರು 40 ಕಿಲೋ ಅಂದುಕೋ. ಉಳಿಯಬೇಕಾದದ್ದು 1800. ನೀನು ಹೇಳಿದ ಊಟ: ಕಾಫಿ, ಒಂದು ಸೇಬು, ಮೂರು ಮೊಟ್ಟೆಯ ಬಿಳಿ, ತರಕಾರಿ, ಸೂಪ್, ಒಂದು ಲೋಟ ಪ್ರೋಟೀನ್ ಪುಡಿ. ನಾನು ಉದಾರವಾಗಿ ಸಾವಿರ ಕ್ಯಾಲೊರಿ ಅಂದುಕೊಂಡೆ. ಹತ್ತು ಕಿಲೋಮೀಟರ್ ಓಟಕ್ಕೆ ಸುಮಾರು 500 ಹೋಯಿತು. ಮಿಕ್ಕ ಐನೂರರಲ್ಲಿ ಹೃದಯ, ಮೆದುಳು, ಮೂಳೆ, ಗರ್ಭಕೋಶ ಎಲ್ಲ ಸೇರಿ ಸಂಸಾರ ನಡೆಸಬೇಕು. ಯಾವುದನ್ನು ಮೊದಲು ಬಿಡುತ್ತದೆ ಹೇಳು? ಇವತ್ತೇ ಬೇಕಿಲ್ಲದ್ದನ್ನು ಬಿಡುತ್ತದೆ. ಹೀಗೆ ಊಟ ಸಾಲದೆ ಮುಟ್ಟು ನಿಂತಿತು ಅಂದರೆ ಈಸ್ಟ್ರೊಜೆನ್ ಅನ್ನುವ ಹಾರ್ಮೋನು ಇಳಿದಿದೆ ಅಂತ. ಅದು ಇಳಿದರೆ ಮೂಳೆ ಸವೆಯುತ್ತದೆ. ಮೂಳೆಯ ಗಂಟು ಕೂಡಿಡುವ ವಯಸ್ಸು ನಿನ್ನದು, ನೀನು ಈಗಲೇ ಅದರಿಂದ ಖರ್ಚು ಮಾಡುತ್ತಿದ್ದೀಯ.

2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯೇ ಈ ಸ್ಥಿತಿಗೆ 'ರೆಡ್-ಎಸ್' (ಕ್ರೀಡೆಯಲ್ಲಿ ಶಕ್ತಿಯ ಕೊರತೆ) ಅಂತ ಹೆಸರಿಟ್ಟಿತು. ಹುಡುಗರಿಗೂ ಬರುತ್ತದಂತೆ, ಅವರಿಗೆ ಎಚ್ಚರಿಸಲು ಮುಟ್ಟು ಇಲ್ಲ ಅಷ್ಟೇ. 'ಎಲ್ಲರಿಗೂ ಆಗುತ್ತೆ' ಅಂತ ನಿಮ್ಮ ಕೋಚ್ ಹೇಳಿದರೆ, ಎಲ್ಲರೂ ಕಮ್ಮಿ ತಿನ್ನುತ್ತಿದ್ದಾರೆ ಅಂತಲೇ ನಾನು ತಿಳಿದುಕೊಳ್ಳುತ್ತೇನೆ.

ಪ್ರೋಟೀನ್ ಪುಡಿ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ನಿನಗೆ ದಿನಕ್ಕೆ 70ರಿಂದ 100 ಗ್ರಾಂ ಪ್ರೋಟೀನ್ ಬೇಕು. ಹಾಲು, ಮೊಸರು, ಬೇಳೆ, ಮೊಟ್ಟೆ ಮೂರ್ನಾಲ್ಕು ಹೊತ್ತಿಗೆ ಹಂಚಿ ತಿಂದರೆ ಸಿಗುತ್ತದೆ. ಒಟ್ಟು ಊಟವೇ ಕಮ್ಮಿಯಾದರೆ ಮೈ ಆ ಪ್ರೋಟೀನನ್ನೂ ಉರುವಲು ಮಾಡಿಬಿಡುತ್ತದೆ. ಇಂಥ ಕೆಲವು ಡಬ್ಬಗಳಲ್ಲಿ ಲೇಬಲ್ಲಿನ ಮೇಲಿಲ್ಲದ ನಿಷೇಧಿತ ವಸ್ತು ಸಿಕ್ಕಿದ್ದೂ ಇದೆ. ಡೋಪಿಂಗ್ ಪರೀಕ್ಷೆಯಲ್ಲಿ 'ನನಗೆ ಗೊತ್ತಿರಲಿಲ್ಲ' ಅಂದರೆ ಸಾಲದು. ಮತ್ತೆ, ಮೊಟ್ಟೆಯ ಹಳದಿ ಎಸೆಯಬೇಡ, ನನ್ನ ಹೊಟ್ಟೆ ಉರಿಯುತ್ತದೆ.

ಕಾಫಿ ಬಿಡು ಅನ್ನುವುದಿಲ್ಲ. ಊಟದ ಜೊತೆ ಕುಡಿಯಬೇಡ, ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಊಟಕ್ಕೆ ಒಂದು ಗಂಟೆ ಮುಂಚೆಯೇ ಕುಡಿ. ಕಬ್ಬಿಣದ ಮಾತ್ರೆಯನ್ನು ನೀನೇ ತಂದು ನುಂಗಬೇಡ, ಮೊದಲು ರಕ್ತ ಪರೀಕ್ಷೆ ಆಗಲಿ.

ಶುಕ್ರವಾರ ನಾನೇ ಬರುತ್ತಿದ್ದೇನೆ. ಡಾಕ್ಟರ ಹತ್ತಿರ ಹೋಗೋಣ. ಮುಟ್ಟು ನಿಲ್ಲಲು ಥೈರಾಯ್ಡ್, ಪಿಸಿಒಎಸ್ (ಅಂಡಾಶಯ, ಹಾರ್ಮೋನಿನ ಒಂದು ತೊಂದರೆ) ಥರ ಬೇರೆ ಕಾರಣಗಳೂ ಇರುತ್ತವೆ, ಅದನ್ನೂ ನೋಡಬೇಕು. ಯಾರೋ ಹೇಳಿದರು ಅಂತ ಮುಟ್ಟು ತರಿಸುವ ಮಾತ್ರೆ ತೆಗೆದುಕೊಳ್ಳಬೇಡ. ರಕ್ತ ಬರುತ್ತದೆ, ಊಟದ ಕೊರತೆ ಹಾಗೇ ಇರುತ್ತದೆ, ಎಲ್ಲ ಸರಿಹೋಯ್ತು ಅಂತ ನಾವು ಸುಮ್ಮನಾಗುತ್ತೇವೆ. ಕೋಚ್ ಹತ್ತಿರ ನಾನು ಜಗಳ ಆಡುವುದಿಲ್ಲ, ಮಾತು ಕೊಡುತ್ತೇನೆ. ಜೋರಾಗಿ ಅಂತೂ ಆಡುವುದಿಲ್ಲ. ನಿನ್ನ ಆ ತೂಕದ ಮೆಷಿನ್ ಕಟ್ಟಿಡು, ವಾಪಸ್ ಬರುವಾಗ ನಾನು ತೆಗೆದುಕೊಂಡು ಬರುತ್ತೇನೆ.

ಅಲ್ಲಿಯ ತನಕ ಒಂದು ಕೆಲಸ ಮಾಡು. ನಾಳೆ ಬೆಳಿಗ್ಗೆ ಓಡುವ ಮುಂಚೆ ಒಂದು ಬಾಳೆಹಣ್ಣು, ಓಡಿ ಬಂದ ಮೇಲೆ ಹೊಟ್ಟೆ ತುಂಬ ಅನ್ನ. ತಿಂದೆ ಅಂತ ಒಂದು ಮೆಸೇಜ್ ಹಾಕು. ಫೋಟೋ ಬೇಡ, ನೀನು ಹೇಳಿದರೆ ಸಾಕು.

ನಿನ್ನ
ಅಮ್ಮ