ಪರಗಿ ಬಳ್ಳಿಯಲ್ಲ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನೀನು ಕಳುಹಿಸಿದ ಚಿತ್ರದಲ್ಲಿರುವುದು ಪರಗಿಯೇ. ಕರಿಸೂರಿಮುಳ್ಳು ಎಂದೂ ಅದನ್ನು ಕರೆಯುವುದುಂಟು. ಆದರೆ ನೀನು ಅದನ್ನು ಬಳ್ಳಿ ಎಂದು ಬರೆದಿರುವುದಕ್ಕೆ ನನ್ನದೊಂದು ತಕರಾರಿದೆ. ಅವರೆಯ ಬಳ್ಳಿ ಆಸರೆಯನ್ನು ಸುತ್ತಿಕೊಂಡು ಏರುತ್ತದೆ, ಹಾಗಲ ತಂತಿಯಂಥ ಕುಡಿಗಳನ್ನು ಚಾಚಿ ಹಿಡಿದುಕೊಳ್ಳುತ್ತದೆ. ಪರಗಿಗೆ ಈ ಎರಡೂ ವಿದ್ಯೆಗಳು ಗೊತ್ತಿಲ್ಲ. ಅದು ಕಟ್ಟಿಗೆಯಂಥ ಕಾಂಡವುಳ್ಳ ಪೊದೆ, ಪಕ್ಕದ ಗಿಡಮರಗಳಿಗೆ ಮುಳ್ಳನ್ನೇ ಕೊಕ್ಕೆಯಾಗಿ ಸಿಕ್ಕಿಸಿ ಮೇಲೇರುತ್ತದೆ. ಮುಳ್ಳಿನ ತುದಿ ಟೊಂಗೆಯ ಬುಡದ ಕಡೆಗೆ ಬಾಗಿರುವುದರಿಂದ ಎಳೆಯ ಟೊಂಗೆ ಮುಂದಕ್ಕೆ ಸರಾಗವಾಗಿ ನುಸುಳುತ್ತದೆ, ಗಾಳಿಗೆ ಓಲಾಡಿದರೂ ಹಿಂದಕ್ಕೆ ಜಾರುವುದಿಲ್ಲ.

ಆ ಮುಳ್ಳು ಹುಟ್ಟುವ ಜಾಗವನ್ನೂ ನೋಡು. ಗುಲಾಬಿಯ ಮುಳ್ಳು ಕಾಂಡದ ಮೇಲ್ಪದರದಿಂದ ಮೂಡಿದ್ದು, ಪಕ್ಕಕ್ಕೆ ಒತ್ತಿದರೆ ಕಳಚಿ ಬರುತ್ತದೆ. ಬೋಗನ್‌ವಿಲ್ಲಾದ್ದು ಎಲೆಯ ಕಂಕುಳಲ್ಲಿ ಹುಟ್ಟುವ, ರೂಪ ಬದಲಿಸಿದ ರೆಂಬೆ. ಪರಗಿಯ ಮುಳ್ಳಾದರೋ ಎಲೆತೊಟ್ಟಿನ ಬುಡದ ಪಕ್ಕದಲ್ಲಿ ಇರಬೇಕಾಗಿದ್ದ ಕಾವಿನೆಲೆಯ, ಅಂದರೆ ಪುಟ್ಟ ಎಲೆಯಂಥ ಭಾಗದ, ರೂಪಾಂತರ. ಅದರ ಬಂಧುವಾದ ಬೋರೆಯಲ್ಲಿ ಸಾಮಾನ್ಯವಾಗಿ ಒಂದು ನೇರ, ಒಂದು ಡೊಂಕು ಎಂದು ಜೋಡಿಮುಳ್ಳುಗಳಿದ್ದರೆ, ಇಲ್ಲಿ ಹೆಚ್ಚಾಗಿ ಕಾಣುವುದು ಒಂಟಿ ಡೊಂಕುಮುಳ್ಳು.

ಎಲೆಯನ್ನು ಗುರುತಿಸುವುದು ಸುಲಭ. ಬುಡದ ಎರಡು ಬದಿಗಳು ಸಮನಾಗಿರುವುದಿಲ್ಲ, ಅಲ್ಲಿಂದಲೇ ಮೂರು ಮುಖ್ಯ ನರಗಳು ಹೊರಡುತ್ತವೆ, ಕೆಳಮೈಯಲ್ಲಿ ರೇಷ್ಮೆಯಂಥ ರೋಮಗಳಿರುತ್ತವೆ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಪರಗಿಯನ್ನು ರ್‍ಯಾಮ್ನಸ್ ಕುಲಕ್ಕೆ ಸೇರಿಸಿದ್ದನು. 1768ರಲ್ಲಿ ಇಂಗ್ಲೆಂಡಿನ ಸಸ್ಯತಜ್ಞ ಫಿಲಿಪ್ ಮಿಲ್ಲರ್ ಅದನ್ನು ಬೋರೆಯ ಕುಲವಾದ ಜಿಜಿಫಸ್‌ಗೆ ತಂದನು.

ಹೂವು ಹಸಿರು, ಕಣ್ಣಿಗೆ ಬೀಳದಷ್ಟು ಚಿಕ್ಕದು. ಆದರೂ ಭೂತಗನ್ನಡಿ ಹಿಡಿದು ನೋಡುವಂಥದ್ದು: ಹೆಚ್ಚಿನ ಹೂಗಳಲ್ಲಿ ಕೇಸರಗಳು ಎಸಳುಗಳ ನಡುವಿನ ಸಂದಿಗೆ ಬಂದರೆ, ಪರಗಿ, ಬೋರೆಗಳ ಕುಟುಂಬದಲ್ಲಿ ಕೇಸರಗಳು ಎಸಳುಗಳ ಎದುರಿಗೇ ನಿಂತಿರುತ್ತವೆ, ಮುಸುಕಿನಂಥ ಎಸಳು ತನ್ನ ಕೇಸರವನ್ನು ಅಪ್ಪಿಕೊಂಡಿರುತ್ತದೆ.

ಹಣ್ಣು ಬಟಾಣಿಯಷ್ಟು ದಪ್ಪ, ಮಾಗಿದಾಗ ಹೊಳೆಯುವ ಕಪ್ಪು. ಹುಳಿಸಿಹಿಯಾದ ತಿರುಳು ತೆಳುವಾದ ಒಂದು ಪದರವಷ್ಟೇ, ಒಳಗೆಲ್ಲ ಗಟ್ಟಿ ಓಟೆ. ತಿನ್ನುವವರಿಗೆ ಇದು ಮೋಸವೆನ್ನಿಸಿದರೂ ಹಕ್ಕಿಗಳು ತಿರುಳಿಗಾಗಿ ಬಂದು ಬೀಜವನ್ನು ದೂರಕ್ಕೆ ಸಾಗಿಸುತ್ತವೆ.

ಮುಂದಿನ ಸಲ ಹಣ್ಣು ಕೀಳುವಾಗ ಅಂಗಿ ಸಿಕ್ಕಿಕೊಂಡರೆ ನಿನ್ನ ಕಡೆಗೆ ಎಳೆದುಕೊಳ್ಳಬೇಡ. ಬಟ್ಟೆಯನ್ನು ಟೊಂಗೆಯ ಬುಡದ ಕಡೆಗೆ ಮೆಲ್ಲಗೆ ಸರಿಸು, ಕೊಕ್ಕೆ ತಾನಾಗಿ ಬಿಡುತ್ತದೆ.

ಇಂತಿ,
ನಿನ್ನ ಗೆಳೆಯ